ಬಲಗಡೆಯ ಜವಾಬು

ಮೃಗಶಿರ ಮಳೆ ಬಂದ ವಾರದ ಬುಧವಾರ ಇಲಿಯೊಂದು ನಮ್ಮ ಸ್ಪೀಕರಿನ ಕಾಗದವನ್ನು ತಿಂದುಹಾಕಿತು. ಆ ದಿನದ ಡೈರಿಯಲ್ಲಿ ಮೂರೇ ಸಾಲುಗಳಿವೆ: ಬೆಳಗಿನ ಹಾಲಿನ ಸರಾಸರಿ ಫ್ಯಾಟ್, ಮಳೆ ನಿಂತ ಹೊತ್ತು, "ನಮ್ಮ ಸ್ಪೀಕರ್ ಹೋಯಿತು". ನಮ್ಮ ಎಂದು ಬರೆದಿದ್ದೇನೆ. ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಮಹಾರಾಷ್ಟ್ರದ ಗಡಿಯ ಉಮರ್ಗಾದ ಒಂದು ಹಾಲು ಸಂಗ್ರಹ ಕೇಂದ್ರದಲ್ಲಿ ನನ್ನ ಕೆಲಸ. ಸುತ್ತಲಿನ ಹಳ್ಳಿಗಳಿಂದ ಬರುವ ಕ್ಯಾನುಗಳಿಂದ ಹಾಲಿನ ಮಾದರಿ ತೆಗೆದು ಫ್ಯಾಟ್ ನೋಡಿ ಬರೆದಿಡುವುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುವಿನ ಮಧ್ಯಾಹ್ನವೆಲ್ಲ ಖಾಲಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ಹೋಳಿಯ ಸುಮಾರಿಗೆ ಅಕ್ಕನ ಬಾಣಂತನಕ್ಕೆಂದು ಲಾತೂರಿಗೆ ಹೋದವಳು ಕೂಸನ್ನು ಬಿಟ್ಟು ಬರಲಾಗದೆ ಅಲ್ಲೇ ಉಳಿದಿದ್ದಳು. ಹೈವೇ ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ನನಗೆ. ಕೆಳಗಿನ ಮನೆಯವರದು ಮರಾಠಿ, ಕೇಂದ್ರದಲ್ಲೂ ಮರಾಠಿ. ನನ್ನ ಕನ್ನಡ ಫೋನಿನಲ್ಲಿ ಮಾತ್ರ ಉಳಿದಿತ್ತು. ಎಷ್ಟೋ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಬೆಳಗಿನ ಕೊನೆಯ ಕ್ಯಾನಿನ ನಂತರ ಬಾಯಿ ತೆರೆದೇ ಇಲ್ಲ ಎಂಬುದು ನೆನಪಾಗುತ್ತಿತ್ತು. ಆಗ ಎದ್ದು ಕ್ಯಾಸೆಟ್ ಹಚ್ಚುತ್ತಿದ್ದೆ.

ಆ ಸೆಟ್ಟು ತಾತನದು. ತಾತ ದಾಳಿಂಬ ಎಂಬ ಹಳ್ಳಿಯಲ್ಲಿ ಜೋಳ ಬೆಳೆಯುತ್ತಿದ್ದ, ಕುರಿ ಸಾಕುತ್ತಿದ್ದ, ಬೀರಪ್ಪನ ಭಕ್ತ. ಒಂದು ವರ್ಷ ಮರಿಗಳಿಗೆ ಒಳ್ಳೆಯ ದರ ಬಂದಾಗ ಸೋಲಾಪುರಕ್ಕೆ ಹೋಗಿ ಆಂಪ್ಲಿಫೈಯರ್, ರೆಕಾರ್ಡ್ ಮಾಡಬಲ್ಲ ಕ್ಯಾಸೆಟ್ ಡೆಕ್, ಮೊಣಕಾಲೆತ್ತರದ ಎರಡು ಮರದ ಸ್ಪೀಕರ್ ಡಬ್ಬಿಗಳು, ಇಷ್ಟನ್ನೂ ಜೀಪಿನಲ್ಲಿ ಹಾಕಿಕೊಂಡು ಬಂದನಂತೆ. ಆ ಚಳಿಗಾಲದ ಒಂದು ರಾತ್ರಿ ಅಂಗಳದಲ್ಲಿ ಎರಡು ಡೊಳ್ಳಿನ ಮೇಳಗಳನ್ನು ಎದುರುಬದುರು ಕೂರಿಸಿ ಸವಾಲ್-ಜವಾಬ್ ಹಾಡಿಸಿದ. ಒಂದು ಮೇಳ ಪದ ಕಟ್ಟಿ ಪ್ರಶ್ನೆ ಕೇಳಬೇಕು, ಇನ್ನೊಂದು ಪದದಲ್ಲೇ ಉತ್ತರ ಕೊಡಬೇಕು. ತಾತ ಒಂದೊಂದು ಮೇಳದ ಮುಂದೆ ಒಂದೊಂದು ಮೈಕ್ ಇಟ್ಟು ಅದನ್ನು ಕ್ಯಾಸೆಟ್ಟಿಗೆ ತುಂಬಿಸಿದ. ಹೀಗಾಗಿ ಸವಾಲೆಲ್ಲ ಎಡಗಡೆಯ ಸ್ಪೀಕರಿನಲ್ಲಿ, ಜವಾಬೆಲ್ಲ ಬಲಗಡೆಯದರಲ್ಲಿ.

ತಾತ ಹೋದ ಮೇಲೆ ವಾಟ್ಣಿ, ಅಂದರೆ ಆಸ್ತಿ ಪಾಲು, ಆಯಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ನಮ್ಮಲ್ಲೊಂದು ಪದ್ಧತಿ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಹಾಗಾದರೆ ಹಿರಿಯ ಮೋಸ ಮಾಡಲಾರ. ದೊಡ್ಡಪ್ಪ ಬಹಳ ಪ್ರಾಮಾಣಿಕವಾಗಿ ಪಾಲು ಮಾಡಿದ. ಆಂಪ್ಲಿಫೈಯರ್, ಡೆಕ್, ಕ್ಯಾಸೆಟ್ ಒಂದು ಪಾಲು. ಒಂದು ಡಬ್ಬಿ ಮತ್ತು ತಾಮ್ರದ ಹಂಡೆ ಇನ್ನೊಂದು. ಮತ್ತೊಂದು ಡಬ್ಬಿ ಮತ್ತು ಗೋಡೆ ಗಡಿಯಾರ ಮೂರನೆಯದು. ಪಂಚರೂ ತಲೆಯಾಡಿಸಿದರು. ಜೋಡಿ ಎತ್ತುಗಳನ್ನೂ ಹಾಗೆಯೇ ಬೇರೆ ಮಾಡಿದ್ದರಲ್ಲ. ಎಲ್ಲರಿಗಿಂತ ಕಿರಿಯನಾದ ಅಪ್ಪ ಆಂಪ್ಲಿಫೈಯರಿನ ಹಸಿರು ದೀಪ ನೋಡಿ ಅದನ್ನೇ ಆರಿಸಿದ. ಒಂದು ಡಬ್ಬಿ ನಡುವಣ ದೊಡ್ಡಪ್ಪನ ಜೊತೆ ನಿಲಂಗಾಕ್ಕೆ, ಇನ್ನೊಂದು ಹಿರಿಯ ದೊಡ್ಡಪ್ಪನ ಜೊತೆ ಉದಗೀರಕ್ಕೆ ಹೋಯಿತು. ಸಮಪಾಲಾಯಿತು. ಆದರೆ ಮೂರು ಮನೆಯಲ್ಲಿ ಯಾರೊಬ್ಬರೂ ಹಾಡು ಕೇಳುವ ಹಾಗಿರಲಿಲ್ಲ.

ಅಪ್ಪ ಒಂದು ಹಾಳಾದ ರೇಡಿಯೊದ ಸ್ಪೀಕರ್ ಕಿತ್ತು ಆಂಪ್ಲಿಫೈಯರಿನ ಎಡಗಡೆಗೆ ಜೋಡಿಸಿದ. "ಬಲಗಡಿ ಸುಟ್ಟದ, ಅಲ್ಲಿ ಯಾರೂ ಕೈ ಹಚ್ಚಬ್ಯಾಡ್ರಿ" ಅನ್ನುತ್ತಿದ್ದ. ಹೀಗೆ ನಾನೂ ಅಕ್ಕನೂ ಬರೀ ಸವಾಲುಗಳನ್ನು ಕೇಳಿ ಬೆಳೆದೆವು. ಸವಾಲು ಮುಗಿದ ಮೇಲೆ ಗೋಡೆಯಾಚೆ ಯಾರೋ ಹಾಡಿದಂತೆ ಒಂದು ಗೊಣಗು, ಅದರ ಮೇಲೆ ಡೊಳ್ಳು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ಅಪ್ಪ ನಮ್ಮ ಕಡೆ ತಿರುಗುತ್ತಿದ್ದ. "ಹೂಂ, ಹೇಳ್ರಿ ಈಗ."

"ಮಟಾಮಟಾ ಮಧ್ಯಾಹ್ನ ಕುರಿ ಕಾಯಾಂವನ ನೆರಳು ಎಲ್ಲಿ ಮಲಗತದೋ" ಎಂದು ಕ್ಯಾಸೆಟ್ ಕೇಳಿದರೆ ಅವ್ವ ರೊಟ್ಟಿ ಬಡಿಯುತ್ತಲೇ, "ಹೇಣ್ತಿ ಬುತ್ತಿ ಕಟ್ಯಾಳೋ ಇಲ್ಲೋ ನೋಡಲಾಕ ಮನಿಗಿ ಹೋಗಿರತದ" ಎನ್ನುತ್ತಿದ್ದಳು.

"ಏಳು ಕಂಬಳಿ ಕೊಟ್ಟರೂ ಚಳಿಗಿ ನಡಗೋದು ಯಾರೋ" ಎಂದರೆ ಅಕ್ಕ, "ಮಲೇರಿಯಾ ಬಂದಾಂವ!"

"ಹಳ್ಳಕ್ಕ ಹಿಂದಕ್ಕ ನೋಡಬ್ಯಾಡ ಅಂತ ಹೇಳದಾಂವ ಯಾರೋ" ಎಂಬುದಕ್ಕೆ ನನ್ನ ಜವಾಬು, "ನಮ್ಮ ಶಾಳಿ ಮಾಸ್ತರ."

ಅಪ್ಪ ಎಲ್ಲದಕ್ಕೂ "ಬರೋಬರ್ ಅದ" ಅನ್ನುತ್ತಿದ್ದ. ಯಾವ ಜವಾಬನ್ನೂ ತಪ್ಪು ಅಂದದ್ದಿಲ್ಲ. ತಾನಾಗಿ ಒಂದನ್ನೂ ಹೇಳಿದ್ದೂ ಇಲ್ಲ.

ಅವ್ವ ಲಾತೂರಿಗೆ ಹೋದ ಮೇಲೆ ಆ ಕ್ಯಾಸೆಟ್ಟನ್ನು ಒಬ್ಬಳೇ ಕೇಳುವುದು ಕಷ್ಟವಾಯಿತು. ಸವಾಲು ಬರುತ್ತಿತ್ತು. ಆಮೇಲೆ ಗೋಡೆಯಾಚೆಯ ಗೊಣಗು. ನಾನು ಕೈಯಲ್ಲಿ ತಟ್ಟೆ ಹಿಡಿದು ಅದು ಮುಗಿಯುವವರೆಗೆ ಕಾಯುತ್ತಿದ್ದೆ. ಇಲಿ ಸ್ಪೀಕರ್ ತಿಂದ ದಿನ ನಿಶ್ಚಯ ಮಾಡಿದೆ: ಸುಟ್ಟ ಬಲಗಡೆಯನ್ನು ರಿಪೇರಿ ಮಾಡಿಸಿ ಈ ಸಲ ಒಂದಲ್ಲ, ಎರಡು ಸ್ಪೀಕರ್ ಹಾಕಬೇಕು, ನಿಜವಾದ ಜವಾಬುಗಳನ್ನು ಕೇಳಬೇಕು. ನನ್ನ ಕೋಣೆಯಲ್ಲಿ ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಬೇಕು. ಅಷ್ಟೇ ಬೇಕಿತ್ತು ನನಗೆ.

ಬಸ್ ನಿಲ್ದಾಣದ ರಸ್ತೆಯಲ್ಲಿ ರಿಪೇರಿ ಅಂಗಡಿಯ, ಕನ್ನಡ ಬಲ್ಲ ಮಾಮಾ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ, ಬ್ರಶ್ಶಿನಿಂದ ಧೂಳು ತೆಗೆದು, ಮೀಟರ್ ಹಚ್ಚಿ ನೋಡಿದರು.

"ಬಲಗಡಿ ಸುಟ್ಟದ ಅಂತ ಯಾರು ಹೇಳ್ಯಾರ ನಿಮಗ?"

"ನಮ್ಮಪ್ಪ."

"ಎಲ್ಲಿ ಸುಟ್ಟದ? ಹೊಸಾ ಮದಲಿಂಗನಂಗ ಕುಂತದ ನೋಡ್ರಿ. ನಿಮ್ಮಪ್ಪ ಮಷ್ಕಿರಿ ಮಾಡ್ಯಾರ."

ನಾನು ನಗಲಿಲ್ಲ. ಅಪ್ಪ ರೇಡಿಯೊ, ಫ್ಯಾನು, ಇಸ್ತ್ರಿಪೆಟ್ಟಿಗೆಗಳನ್ನು ಸ್ವತಃ ಬಿಚ್ಚಿ ಕೂರಿಸುತ್ತಿದ್ದ ಮನುಷ್ಯ. ಸುಟ್ಟದ್ದು ಯಾವುದು, ಸುಡದ್ದು ಯಾವುದು ಎಂದು ಅವನಿಗೆ ಗೊತ್ತಾಗದೆ ಇರುತ್ತಿತ್ತೇ? ಮಾಮಾ ತಮ್ಮ ಟೇಬಲ್ಲಿನ ಸ್ಪೀಕರ್ ಎಳೆದುಕೊಂಡು, "ಕ್ಯಾಸೆಟ್ ತಂದೀರೇನು? ಹಚ್ಚಿ ನೋಡಮು" ಅಂದರು. ಕ್ಯಾಸೆಟ್ ನನ್ನ ಚೀಲದಲ್ಲೇ ಇತ್ತು. ಹೊರಗೆ ಲಾರಿಗಳ ಹಾರ್ನು, ಪಕ್ಕದಲ್ಲಿ ಮಿಕ್ಸರ್ ರಿಪೇರಿಗೆ ತಂದವರ ಜಗಳ. ಅಲ್ಲಿ ಬೇಡವೆನ್ನಿಸಿತು. ತಂದಿಲ್ಲ ಎಂದೆ.

"ಹಾಂಗಾದ್ರ ಬಾಕ್ಸ್ ಆರಿಸ್ರಿ." ಅವರು ಒಳಗೆ ಕರೆದುಕೊಂಡು ಹೋದರು. ಮದುವೆ ಮೆರವಣಿಗೆಗೆ ಡಿಜೆ ಕಟ್ಟಿಕೊಡುವುದು ಅವರ ಮುಖ್ಯ ಧಂದೆ. ಒಳಗಿನ ಪ್ಲೈವುಡ್ ಡಬ್ಬಿಗಳು ನನ್ನ ಎದೆಮಟ್ಟ ಇದ್ದವು. ಒಂದನ್ನು ಹಚ್ಚಿದ ಕೂಡಲೇ ಕಪಾಟಿನ ಗಾಜು ನಡುಗಿತು.

"ಬೇಸ್ ನೋಡ್ರಿ ತಾಯಿ, ಬೇಸ್!"

"ಮಾತು ತಿಳಿಯಬೇಕ್ರಿ ಮಾಮಾ. ಪದದ ಮಾತು."

"ಡೊಳ್ಳಿನ ಪದ ಅಂತೀರಿ, ಮಾತು ತಿಳಿಯಬೇಕು ಅಂತೀರಿ. ನಿಮ್ಮಂಥ ಗಿರಾಕಿ ಇದೇ ಮೊದಲು."

ಆದರೂ ಅವರು ಅಡ್ಡದಾರಿ ಹಿಡಿಸಲಿಲ್ಲ. ಆಂಪ್ಲಿಫೈಯರಿನ ಹಿಂದೆ ಎಂಟು ಓಮ್ ಎಂದು ಬರೆದದ್ದನ್ನು ತೋರಿಸಿದರು. ಡಿಜೆ ಡಬ್ಬಿ ನಾಲ್ಕು ಓಮಿನದು, ಅದನ್ನು ಹಚ್ಚಿದರೆ ಹಳೆಯ ಯಂತ್ರದ ಮೇಲೆ ಭಾರ ಬಿದ್ದು ನಿಜವಾಗಿಯೇ ಸುಡುತ್ತದೆ ಎಂದರು. "ಇದರ ಸಂಗಾಟ ಬಂದ ಡಬ್ಬಿ ಎಲ್ಲಿ ಹೋದ್ವು? ಅವಷ್ಟು ಚಂದ ಇದಕ್ಕ ಯಾವೂ ಕೂಡೂದಿಲ್ಲ." ಎಲ್ಲಿ ಹೋದವು ಎಂದು ಹೇಳಿದೆ. ಅವರು ಹಣೆ ಬಡಿದುಕೊಂಡು ನಕ್ಕರು. ಒಂದು ಪೆನ್ಸಿಲ್ ಸೆಲ್ಲು, ಎರಡು ತುಂಡು ವೈರು ಕೊಟ್ಟು, ಡಬ್ಬಿಯ ಹಿಂದೆ ಇವನ್ನು ಮುಟ್ಟಿಸಿದರೆ ಟಪ್ ಎಂದು ಸದ್ದು ಬರಬೇಕು, ಬಂದರೆ ಜೀವ ಇದೆ ಎಂದು ತಿಳಿಯಬೇಕು ಎಂದು ಕಲಿಸಿದರು.

ಹೀಗೆ ಮುಂದಿನ ರಜೆಯ ದಿನ ನಿಲಂಗಾಕ್ಕೆ ಹೋದೆ. ನಡುವಣ ದೊಡ್ಡಪ್ಪ ಈಗಿಲ್ಲ, ದೊಡ್ಡವ್ವ ಇದ್ದಾಳೆ. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ದೊಡ್ಡವ್ವ ಹೊಸ್ತಿಲಲ್ಲೇ ನನ್ನ ಗಲ್ಲ ಹಿಡಿದಳು.

"ಬಾ ನನ ಬಂಗಾರ. ದಾರಿ ತಪ್ಪಿ ಬಂದಿಯೇನು?"

"ಇಲ್ಲ ದೊಡ್ಡವ್ವ. ತಾತನ ಡಬ್ಬಿ ನೋಡ್ಲಾಕ ಬಂದೀನಿ."

"ಅದಕ್ಕಂತ! ನನ್ನ ನೋಡ್ಲಾಕ ಬಂದಾಳಂತ ತಿಳದು ಖುಷಿ ಆಗಿದ್ದೆ." ಹಾಗೆಂದರೂ ಚಹಾಕ್ಕೆ ಇಟ್ಟಳು.

ಡಬ್ಬಿ ಒಳಕೋಣೆಯಲ್ಲಿತ್ತು. ಅದರ ಮೇಲೆ ಹಳದಿ ಬಟ್ಟೆ, ಬಟ್ಟೆಯ ಮೇಲೆ ಬೀರಪ್ಪನ ಬೆಳ್ಳಿಯ ಮುಖ, ಭಂಡಾರದ ಬಟ್ಟಲು, ನಂದಾದೀಪ. ಇದರ ಕಥೆ ನನಗೆ ಅರ್ಧ ಗೊತ್ತಿತ್ತು. ಮನೆದೇವರು ಹಿರಿಯನ ಮನೆಯಲ್ಲಿರಬೇಕು. ವಾಟ್ಣಿಯಾದಾಗ ಉದಗೀರದ ದೊಡ್ಡಪ್ಪನದು ಒಂದೇ ಕೋಣೆಯ ಬಾಡಿಗೆ ಮನೆ. ಸ್ವಂತ ಮನೆಯಾಗುವವರೆಗೆ ಎಂದು ದೇವರನ್ನು ನಿಲಂಗಾಕ್ಕೆ ಕಳಿಸಿದ. ಇಲ್ಲಿ ಜಗಲಿ ಕಟ್ಟುವವರೆಗೆ ಎಂದು ಅದನ್ನು ಡಬ್ಬಿಯ ಮೇಲೆ ಕೂರಿಸಿದರು. ಆಮೇಲೆ ಉದಗೀರದಲ್ಲಿ ಮನೆಯೂ ಆಯಿತು, ಆದರೆ ಕೂತ ದೇವರನ್ನು ಎಬ್ಬಿಸಲು ದೊಡ್ಡವ್ವ ಒಪ್ಪಲಿಲ್ಲ. ಅಂದಿನಿಂದ ಉದಗೀರದ ದೊಡ್ಡಪ್ಪ ಈ ಮನೆಯ ಮೆಟ್ಟಿಲು ಹತ್ತಿಲ್ಲ.

ನಾನು ಬಂದ ಕೆಲಸ ಹೇಳಿದೆ. ದೊಡ್ಡವ್ವ ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ನಾ ಕೊಡಾಕಿ ಯಾರು? ಕುಂತಾಂವಗ ಕೇಳಮು" ಎಂದು ಕೈಕಾಲು ತೊಳೆದು ಬಂದು ಒಂದು ಕಣಗಿಲ ಹೂವನ್ನು ನೀರಲ್ಲಿ ಅದ್ದಿ ದೇವರ ಹಣೆಗೆ ಅಂಟಿಸಿದಳು. ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ.

"ಫ್ಯಾನ್ ಬಂದ್ ಮಾಡು. ಗಾಳಿಗಿ ಬಿದ್ದದ್ದು ಲೆಕ್ಕಕ್ಕಿಲ್ಲ."

ಬೆವರು ಒರೆಸಿಕೊಳ್ಳುತ್ತ ಇಬ್ಬರೂ ಕುಳಿತೆವು. ಚಹಾ ಆರಿತು. ದೊಡ್ಡವ್ವ ನಡುನಡುವೆ ದೇವರಿಗೆ, "ಲಗೂ ಹೇಳಪ್ಪಾ, ಪೋರಿ ಬಸ್ಸಿಗಿ ಹೋಗಬೇಕು" ಎನ್ನುತ್ತಿದ್ದಳು. ಕೊನೆಗೆ ಹೂವು ಜಾರಿ ಎಡಗಡೆಗೆ ಬಿತ್ತು.

"ಬ್ಯಾಡಂತಾನ." ಅವಳಿಗೂ ಬೇಸರವಾದದ್ದು ಕಂಡಿತು. ನನ್ನ ಮುಖ ನೋಡಿ ಕೇಳಿದಳು, "ಅಂವಾ ಒಯ್ಯಬ್ಯಾಡ ಅಂದಾನ. ಹಚ್ಚಬ್ಯಾಡ ಅಂದಿಲ್ಲಲ್ಲ? ಅಂವನ ಪದನೇ ಅಲ್ಲೇನು ಅದು? ನಿನ್ನ ಯಂತ್ರ ಇಲ್ಲಿಗೇ ತಾ."

ಹಿಂದಿನಿಂದ ವೈರ್ ತೂರಿಸಿ ಸೆಲ್ಲು ಮುಟ್ಟಿಸಿದೆ. ದೇವರ ಕೆಳಗಿನಿಂದ ಟಪ್ ಎಂದಿತು. ದೊಡ್ಡವ್ವ ಕೈ ಮುಗಿದಳು.

ಉದಗೀರಕ್ಕೆ ಹೋಗುವಾಗ ನನಗೆ ಹೆದರಿಕೆ ಇತ್ತು. ದೊಡ್ಡಪ್ಪನ ಅಂಗಡಿ ಮಾರುಕಟ್ಟೆಯ ಹಿಂದೆ, ಕಂಬಳಿ ಮತ್ತು ಹಗ್ಗದ ವ್ಯಾಪಾರ. ಡಬ್ಬಿ ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ದೊಡ್ಡಪ್ಪ ಅದರ ಮೇಲೆ ದಿಂಬು ಹಾಕಿಕೊಂಡು ಕುಳಿತಿದ್ದ.

"ದೊಡ್ಡಪ್ಪ, ಜರಾ ಏಳ್ರಿ."

"ಬಂದ ಕೂಡ್ಲೇ ಎಬ್ಬಸ್ಲತ್ತಿ? ನಿಮ್ಮಪ್ಪನ ಮಗಳೇ ಖರೇ." ಎದ್ದ. ನಾನು ದಿಂಬು ಸರಿಸಿ ಸೆಲ್ಲು ಮುಟ್ಟಿಸಿದಾಗ ಸದ್ದು ಬಂತು. ದೊಡ್ಡಪ್ಪ ಬಗ್ಗಿ ಡಬ್ಬಿಯನ್ನೇ ನೋಡಿದ. "ಇಷ್ಟ ವರ್ಷ ಕುಂತೀನಿ, ನನ್ನ ಸಂಗಾಟ ಒಂದ್ ಮಾತಾಡಿಲ್ಲ ಮಗಂದು."

ಮೂರು ಪಾಲಿನಲ್ಲಿ ನಮ್ಮಪ್ಪ ದೀಪ ಕಂಡು ಮರುಳಾಗಿ ಆರಿಸಿದ್ದನ್ನು, ತಾನು ಎಷ್ಟು ನ್ಯಾಯವಾಗಿ ಪಾಲು ಮಾಡಿದ್ದೆ ಎಂಬುದನ್ನು ಹೇಳಿದ. ಹೌದು ಅಂದೆ. ಆಮೇಲೆ ಈ ಡಬ್ಬಿ ನಿಲಂಗಾಕ್ಕೆ ಹೋಗಬೇಕಾಗುತ್ತದೆ ಎಂಬುದನ್ನೂ, ಯಾಕೆ ಎಂಬುದನ್ನೂ ಹೇಳಿದೆ. ದೊಡ್ಡಪ್ಪ ಒಂದು ಹಗ್ಗದ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ.

"ಹೂವು ಎಡಕ್ಕೇ ಬಿತ್ತೇನು? ಆಕಿ ಊದಿಲ್ಲಲ್ಲ?"

"ಇಲ್ರಿ. ಫ್ಯಾನ್ ಸುದ್ದಾ ಬಂದ್ ಮಾಡಿದ್ದಿವಿ."

"ನನ್ನ ಪಾಲು ಒಂದೇ ಹೋಗಂಗಿಲ್ಲ. ಐತ್ವಾರ ನಾನೇ ತರ್ತೀನಿ. ತಂದು, ಕೇಳಿ, ವಾಪಸ್ ಒಯ್ತೀನಿ. ಆಕಿ ಮನ್ಯಾಗ ನೀರು ಕುಡಿಯೂದಿಲ್ಲ."

ಭಾನುವಾರ ಕೇಂದ್ರದಲ್ಲಿ ರಜೆ ಹಾಕಿ, ಯಂತ್ರಗಳನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಆಟೋ ಬಂತು. ಒಳಕೋಣೆಯಲ್ಲಿ ದೇವರ ಡಬ್ಬಿಯನ್ನು ಬಲಕ್ಕೆ, ದೊಡ್ಡಪ್ಪನದನ್ನು ಎಡಕ್ಕೆ ಜೋಡಿಸಿದೆ. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಎಲ್ಲವೂ ನನ್ನ ಮೂಲಕವೇ ಹೋಗಬೇಕಿತ್ತು.

"ನಿಮ್ಮ ದೊಡ್ಡವ್ವಗ ಹೇಳು, ದೀಪದ ಎಣ್ಣಿ ಡಬ್ಬಿ ಮ್ಯಾಲ ಸುರದದ."

"ನಿಮ್ಮ ದೊಡ್ಡಪ್ಪಗ ಹೇಳು, ಅದು ದೇವ್ರ ಎಣ್ಣಿ, ಡಬ್ಬಿಗಿ ಏನೂ ಆಗಂಗಿಲ್ಲ."

ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಡೊಳ್ಳು ಎರಡೂ ಕಡೆಯಿಂದ ಒಟ್ಟಿಗೆ ಎದ್ದಾಗ ಕೋಣೆ ದೊಡ್ಡದಾದಂತೆ ಅನ್ನಿಸಿತು. ಎಡಗಡೆಯಿಂದ ನನಗೆ ಬಾಯಿಪಾಠವಾಗಿದ್ದ ಸವಾಲು ಬಂತು, ಕುರಿ ಕಾಯುವವನ ನೆರಳು ಎಲ್ಲಿ ಮಲಗುತ್ತದೆ ಎಂದು. ನಾನು ಬಲಗಡೆ ಬಗ್ಗಿದೆ.

"ಕುರಿ ಹೊಟ್ಟಿ ಕೆಳಗ, ಮರಿ ಸಂಗಾಟ!" ಅಂದ ದೊಡ್ಡಪ್ಪ, ಹಾಡು ಬಾಯಿ ತೆರೆಯುವ ಮೊದಲೇ.

"ಮರಿ ಸಂಗಾಟ ಅಲ್ಲ, ಮರಿ ಮಗ್ಗಲಾಗ" ಎಂದಳು ದೊಡ್ಡವ್ವ ನೇರವಾಗಿ ಅವನಿಗೇ.

"ಏ, ನಾ ಅಲ್ಲೇ ಕುಂತಿದ್ದೆ."

"ನಾ ಎಲ್ಲಿ ಕುಂತಿದ್ದೆ? ಚಹಾ ಯಾರು ಕೊಡ್ಲತ್ತಿದ್ದರು ನಿಮಗ?"

ಅವರ ಗದ್ದಲದಲ್ಲಿ ಜವಾಬು ಬಂದು ಹೋಗಿಯೇ ಬಿಟ್ಟಿತ್ತು. ಮುಂದಿನ ಸವಾಲಿಗೂ ಹಾಗೆಯೇ. ಏಳು ಕಂಬಳಿ ಎಂದು ಕೇಳಿದ ಕೂಡಲೇ ಇಬ್ಬರೂ ಒಟ್ಟಿಗೆ, "ಉಣ್ಣಿ ಕೊಟ್ಟ ಕುರಿ!" ಎಂದು ಕೂಗಿ, ಯಾರು ಮೊದಲು ಅಂದರು ಎಂದು ಜಗಳಕ್ಕೆ ಬಿದ್ದರು. ಹಾಡಿನಲ್ಲಿ ಯಾರೋ ಕೆಮ್ಮಿದ್ದಕ್ಕೆ ಅವನ ಹೆಸರು ಹಿಡಿದು ನಕ್ಕರು. ಒಂದು ಕಡೆ ದಾಳಿಂಬದ ಮನೆಯ ಹಳೆಯ ನಾಯಿ ಬೊಗಳಿದಾಗ ದೊಡ್ಡವ್ವನ ಕಣ್ಣು ತುಂಬಿತು. ಸುಮ್ಮನಿರಿ ಎಂದು ಎರಡು ಸಲ ಹೇಳಿದೆ, ಅವರಿಗೆ ಕೇಳಿಸಲಿಲ್ಲ. ಕೊನೆಗೆ ದೊಡ್ಡಪ್ಪ, "ಮಾತಾಡಿ ಗಂಟಲ ಒಣಗ್ಯಾದ" ಎಂದು ಅವಳು ಕೊಟ್ಟ ನೀರು ಕುಡಿದ.

ನಾನು ಎರಡು ಡಬ್ಬಿಗಳ ನಡುವೆ ಕುಳಿತಿದ್ದೆ. ಆ ರಾತ್ರಿ ಅಂಗಳದಲ್ಲಿ ಇವರೆಲ್ಲ ಇದ್ದರು, ನಾನಿನ್ನೂ ಹುಟ್ಟಿರಲಿಲ್ಲ ಎಂಬ ಸರಳ ಸಂಗತಿ ಆಗ ಹೊಳೆಯಿತು.

"ದೊಡ್ಡಪ್ಪ, ಅವತ್ತು ನಮ್ಮಪ್ಪ ಇದ್ದನೇನು?"

"ಇದ್ದನೇನು ಅಂತ ಕೇಳ್ತಿ? ಜವಾಬಿನ ಮ್ಯಾಳದ ಮೈಕ್ ಹಿಡದಾಂವ ಯಾರು ಮತ್ತ? ಮೈಕ್ ಕಟ್ಟಲಾಕ ಕಟ್ಟಗಿ ಸಿಕ್ಕಿರಲಿಲ್ಲ, ಮುಗಿಯೂತನ ಕೈಯಾಗೇ ಹಿಡದು ನಿಂತಿದ್ದ. ಎಲ್ಲಾ ಜವಾಬೂ ಅಂವಗ ಬಾಯಿಪಾಠ."

ಉಳಿದ ಸವಾಲುಗಳು ನನಗೆ ಸರಿಯಾಗಿ ಕಿವಿಗೆ ಬೀಳಲಿಲ್ಲ. ಸಂಜೆ ಹೊರಡುವಾಗ ದೊಡ್ಡಪ್ಪ ತನ್ನ ಡಬ್ಬಿಯ ಮಾತೇ ಎತ್ತಲಿಲ್ಲ. "ಭಾರ ಅದ, ಇವತ್ತ ಇಲ್ಲೇ ಇರ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡ. ದೊಡ್ಡವ್ವ, "ಯಂತ್ರಾನೂ ಬಿಟ್ಟು ಹೋಗ್ತಿಯೇನು ಬಂಗಾರ?" ಎಂದು ಕೇಳಿದಳು. ಬಿಡಬಹುದಿತ್ತು. ಆದರೆ ಜವಾಬುಗಳನ್ನು ನಾನಿನ್ನೂ ಕೇಳಿಯೇ ಇರಲಿಲ್ಲ, ಬರೀ ಇವರ ಬಾಯಿಂದ ತಿಳಿದಿದ್ದೆ. ನನಗೂ ಬೇಕು ಎಂದೆ. ದಬಾಯಿಸಿದ ಹಾಗೆ ಕೇಳಿಸಿತೇನೋ. ದೊಡ್ಡವ್ವ ಕೌದಿಯ ಗಂಟು ಬಿಗಿ ಮಾಡಿಕೊಟ್ಟಳು.

ತಾತನ ಡಬ್ಬಿಗಳು ಹೀಗೆ ಒಂದೆಡೆ ಸೇರಿದವು, ನನ್ನ ಕೈಗೆ ಬರಲಿಲ್ಲ. ನಾನು ಮತ್ತೆ ಆರಿಸಲು ನಿಂತೆ. ಆಷಾಢವಿಡೀ ಮಧ್ಯಾಹ್ನಗಳಲ್ಲಿ ಮಾಮಾನ ಅಂಗಡಿಗೆ ಹೋಗಿ ಬರುತ್ತಿದ್ದೆ. ಹಳೆಯ ಜೋಡಿ ಯಾವುದಾದರೂ ಬಂದರೆ ಅವರೇ ಫೋನ್ ಮಾಡುತ್ತಿದ್ದರು. ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದು ಬರೆದುಕೊಂಡೆ: ಹೆಣ್ಣು ದನಿ ತಿಳಿಯುತ್ತದೆಯೇ, ಗಂಡು ದನಿ ಗುಂಯ್ ಅನ್ನುತ್ತದೆಯೇ, ಎರಡೂ ಒಂದೇ ಸಮ ಇವೆಯೇ. ಪರೀಕ್ಷೆಗೆ ಯಾವಾಗಲೂ ರೇಡಿಯೊ ವಾರ್ತೆ. ಒಂದು ಜೋಡಿಯಲ್ಲಿ ವಾರ್ತೆ ಓದುವವನಿಗೆ ನೆಗಡಿಯಾದಂತಿತ್ತು. ಇನ್ನೊಂದರಲ್ಲಿ ಎಡದ್ದು ಗಟ್ಟಿ, ಬಲದ್ದು ಪುಸುಪುಸು. ಯಾರೋ ಕಾರಿನಿಂದ ಕಿತ್ತದ್ದು ಒಂದು ಜೋಡಿ, ಅದು ನಾಲ್ಕು ಓಮ್. "ಇದಕ್ಕಿಂತ ನಿಮಗ ವರ ಹುಡುಕೂದು ಸರಳ ಇತ್ತು" ಎಂದು ಮಾಮಾ ಗೊಣಗಿದರು.

ಶ್ರಾವಣ ಹತ್ತಿರ ಬಂದಾಗ ಒಂದು ಜೋಡಿ ಬಂತು. ಊರು ಬಿಟ್ಟು ಹೋದ ಯಾರದೋ ಮನೆಯದು, ಎರಡು ಇಟ್ಟಿಗೆ ಕೂಡಿಸಿಟ್ಟಷ್ಟೇ ಎತ್ತರ, ಮುಂದಿನ ಬಟ್ಟೆ ಮಾಸಿದೆ. ಹಚ್ಚಿದಾಗ ವಾರ್ತೆಯವಳು ಡಬ್ಬಿಯಿಂದಲ್ಲ, ಎರಡರ ನಡುವಿನ ಖಾಲಿ ಗೋಡೆಯಿಂದ ಮಾತಾಡಿದಳು. ನಾನು ಎದ್ದು ಹೋಗಿ ಗೋಡೆ ಮುಟ್ಟಿದೆ. ಮಾಮಾ ನಕ್ಕರು. "ಅದೇ ಸ್ಟೀರಿಯೊ. ನಡುಮಧ್ಯಕ್ಕ ಒಂದ್ ಕುರ್ಚಿ ಹಾಕ್ಕೋರಿ. ಒಬ್ಬರೇ ಕುಂದ್ರಬೇಕು. ಬಾಜು ಸರದರ ಈ ಮಜಾ ಸಿಗೂದಿಲ್ಲ."

ಮನೆಗೆ ತಂದು ಹಾಗೆಯೇ ಮಾಡಿದೆ. ಬಾಗಿಲು ಹಾಕಿದೆ. ಕ್ಯಾಸೆಟ್ ಮೊದಲಿನಿಂದ ಕೊನೆಯವರೆಗೆ, ಎರಡೂ ಬದಿ. ಈ ಸಲ ಯಾರೂ ಮಾತಾಡಲಿಲ್ಲ. ಜವಾಬಿನ ಮೇಳದ ಮುಂದಾಳುವಿನದು ಎಳೆಯ, ನಗೆಯಿದ್ದ ದನಿ. ಹಳ್ಳಕ್ಕೆ ಹಿಂದಕ್ಕೆ ನೋಡಬೇಡ ಅಂದದ್ದು ಇಳಿಜಾರಂತೆ. ಉಣ್ಣೆ ಕೊಟ್ಟ ಕುರಿ ಬರುವಾಗ ಅವನು ಮ್ಯಾ ಎಂದು ನಡುಗಿ ತೋರಿಸಿದ, ಜನ ನಕ್ಕರು. ಚೆನ್ನಾಗಿದ್ದವು. ನಮ್ಮ ಜವಾಬುಗಳಿಗಿಂತ ಚೆನ್ನಾಗಿದ್ದವು. ಒಂದೊಂದು ಪದದ ಕೊನೆಗೆ ಮೈಕ್ ಅಲುಗಾಡಿದ ಗರಗರ ಸದ್ದು ಬರುತ್ತಿತ್ತು, ಬಲಗಡೆ ಮಾತ್ರ. ಕೈಯಲ್ಲಿ ಹಿಡಿದು ನಿಂತವನು ಕೈ ಬದಲಿಸುತ್ತಿದ್ದಿರಬೇಕು.

ಮರುದಿನ ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿದೆ. ಹಿಂದೆ ಕೂಸು ಅಳುತ್ತಿತ್ತು.

"ಅವ್ವಾ, ಅಪ್ಪಗ ಜವಾಬೆಲ್ಲಾ ಗೊತ್ತಿತ್ತಂತ. ಬಲಗಡಿ ಸುಟ್ಟೇ ಇರಲಿಲ್ಲ."

"ಗೊತ್ತದ ನನಗ."

"ನಿನಗ ಗೊತ್ತಿತ್ತು?"

"ಜವಾಬು ಗೊತ್ತಿಲ್ಲ. ನಿಮ್ಮಪ್ಪಗ ಗೊತ್ತದ ಅನ್ನೂದು ಗೊತ್ತಿತ್ತು. ಮದವಿ ಆಗಿ ಬಂದಾಗ ಆ ಮನ್ಯಾಗ ಎಲ್ಲಾರೂ ಒಂದೇ ಸವನೆ ಜವಾಬು ಹೇಳಿ ನಗ್ತಿದ್ದರು, ಆ ಗದ್ದಲದಾಗ ಒಂದೂ ತಿಳೀದೆ ನಾ ಒಬ್ಬಾಕಿ ಬಾಯಿ ತಕ್ಕೊಂಡು ಕುಂದ್ರತಿದ್ದೆ. ಬ್ಯಾರೆ ಆದ ಮ್ಯಾಲ ಒಂದಿನ ಕೇಳದೆ, ಖರೇ ಜವಾಬು ಹೇಳ್ರಿ ಅಂತ. ನೀನೇ ಒಂದು ಹೇಳು, ಅದೇ ಖರೇ ಅಂದ್ರು. ಮರುದಿನ ರೇಡಿಯೊದ ಸ್ಪೀಕರ್ ಕಿತ್ತು ಬರೇ ಎಡಗಡಿ ಹಚ್ಚಿದ್ರು, ಬಲಗಡಿ ಸುಟ್ಟದ ಅಂದ್ರು."

ಅವ್ವ ಕೂಸನ್ನು ಸಮಾಧಾನ ಮಾಡುತ್ತಿದ್ದುದು ಕೇಳಿಸಿತು.

"ಅವ್ವಾ, ನಾ ಹೇಳಲೇನು? ಆ ಕಂಬಳಿದು ಏನು ಗೊತ್ತದೇನು..."

"ಬ್ಯಾಡ ಬ್ಯಾಡ! ಹೇಳಬ್ಯಾಡ ಮಗಳ." ಅವಸರದ ದನಿ, ಆದರೆ ಸಿಟ್ಟಿರಲಿಲ್ಲ. "ಮಲೇರಿಯಾ ಬಂದಾಂವ ಅಂತೇ ಇರ್ಲಿ ನನಗ. ಇಡ್ತೀನಿ, ಈ ಹುಡುಗಿ ಕೊಳ್ಳ ಹರಕೊಳ್ಳತದ."

ಫೋನ್ ಇಟ್ಟೆ. ಅಕ್ಕನಿಗೆ ಹೇಳಬಹುದಿತ್ತು, ಆದರೆ ಅಕ್ಕ ಅವ್ವನ ಪಕ್ಕದಲ್ಲೇ ಇರುತ್ತಾಳೆ. ನಿಲಂಗಾದವರಿಗೆ, ಉದಗೀರದವರಿಗೆ ಹೇಳಬೇಕಾದ್ದೇ ಇಲ್ಲ. ಮಾಮಾನಿಗೆ ಬೇಸ್ ಬೇಕು, ಪದದ ಮಾತಲ್ಲ. ಕೇಂದ್ರದಲ್ಲಿ ಮರಾಠಿಗೆ ತಿರುಗಿಸಿ ಹೇಳಿದರೆ ನಕ್ಕು ಕ್ಯಾನ್ ಎತ್ತಿಕೊಳ್ಳುತ್ತಾರೆ.

ಕುರ್ಚಿಯಲ್ಲಿ ಕುಳಿತು ಮತ್ತೆ ಹಚ್ಚಿದೆ. ಸವಾಲು ಮುಗಿದ ಕೂಡಲೇ, ಬೇಕೆಂದೇ, ನಿಲ್ಲಿಸುವ ಗುಂಡಿ ಒತ್ತಿ ಬೇರೆ ಯಾವುದಾದರೂ ಜವಾಬು ಹೊಳೆಯುತ್ತದೆಯೇ ಎಂದು ನೋಡಿದೆ. ಕುರಿಯ ಹೊಟ್ಟೆಯ ಕೆಳಗಿನ ನೆರಳೇ ಕಾಣುತ್ತಿತ್ತು. ಅಪ್ಪ ಅಷ್ಟು ವರ್ಷ ಇದನ್ನು ತಲೆಯಲ್ಲಿಟ್ಟುಕೊಂಡು ನಮ್ಮ ಕಡೆ ತಿರುಗಿ ಹೇಗೆ ಬಾಯಿ ಮುಚ್ಚಿಕೊಂಡು ಕೂಡುತ್ತಿದ್ದನೋ. ಅವನಿಗಾದರೆ ತಿರುಗಿ 'ಹೇಳ್ರಿ' ಅನ್ನಲು ನಾವು ಮೂವರಿದ್ದೆವು.

ಆ ದಿನದ ಡೈರಿಯಲ್ಲಿ ಹೊಸ ಸ್ಪೀಕರಿನ ಗುಣದ ಬಗ್ಗೆ ಬರೆದಿದ್ದೇನೆ: ಹೆಣ್ಣು ದನಿ ಸ್ಪಷ್ಟ, ಗಂಡು ದನಿ ಸ್ಪಷ್ಟ, ಎರಡೂ ಸಮ. ಅಷ್ಟೇ ಬರೆದು ಪೆನ್ನು ಮುಚ್ಚಿಟ್ಟೆ. ಕೆಳಗೆ ಓಣಿಯಲ್ಲಿ ಕೇಂದ್ರಕ್ಕೆ ಹೋಗುವ ಹಾಲಿನ ಗಾಡಿಗಳು ಬರತೊಡಗಿದ್ದವು. ಯಂತ್ರ ಬಂದ್ ಮಾಡಿ, ಬೀಗ ಹಾಕಿ ಕೆಲಸಕ್ಕೆ ಇಳಿದೆ.